ಫುಪ್ಪು ನೋಡಿದ್ದ ರೈನ್ ನದಿ

ಬಟ್ಟೆಗೆ ಅಂಟಿಸಿದ ಹಳೆಯ ಗೋಡೆನಕ್ಷೆಯನ್ನು ಬಿಚ್ಚಿದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಅರ್ಧ ಅಂಟಿನದು, ಇನ್ನರ್ಧ ಹಲ್ಲಿಯದು. ಇವತ್ತು ಬೆಳಿಗ್ಗೆ ಜೇವರ್ಗಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದಾಗ ಆ ವಾಸನೆ ಬಂತು. ಯುರೋಪಿನ ನಕ್ಷೆ. ಅದರಲ್ಲಿ ಜರ್ಮನಿ ಇನ್ನೂ ಎರಡಾಗಿಯೇ ಇತ್ತು. ಯಾರೂ ನಕ್ಷೆಗೆ ಸುದ್ದಿ ಮುಟ್ಟಿಸಿರಲಿಲ್ಲ.

ನಾನು ಅಲ್ಲೇಕೆ ಕೂತಿದ್ದೆ ಎಂದು ಹೇಳಬೇಕಾದರೆ ಫುಪ್ಪುವಿನಿಂದ ಶುರು ಮಾಡಬೇಕು. ಫುಪ್ಪು ನನ್ನ ಅಬ್ಬಾನ ಅಕ್ಕ, ಅಫಜಲಪುರದಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ನಮ್ಮ ಮನೆಯಲ್ಲಿ ಪ್ರೀತಿಯೆಲ್ಲ ಉರ್ದುವಿನಲ್ಲಿ, ವಾದವೆಲ್ಲ ಕನ್ನಡದಲ್ಲಿ. ಹಾಗಾಗಿ ನನಗೂ ಅವಳಿಗೂ ಉರ್ದು ಬಳಸುವ ಸಂದರ್ಭ ಕಡಿಮೆ. ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದವಳೂ ಅವಳೇ. ಏನು ಹೇಳಿದರೂ ಆಧಾರ ಕೇಳುತ್ತಿದ್ದಳು. ಹೊಟ್ಟೆನೋವು ಎಂದರೂ ಕೇಳುತ್ತಿದ್ದಳು. ಕಾಲೇಜು ಮುಗಿಯುವಷ್ಟರಲ್ಲಿ ನಾನು ಒಂದು ಕಪಾಟಿನ ತುಂಬ ಪಾರಿತೋಷಕ ಗೆದ್ದಿದ್ದೆ, ಹೆಚ್ಚುಕಡಿಮೆ ಅಷ್ಟೇ ಗೆಳತಿಯರನ್ನು ಕಳೆದುಕೊಂಡಿದ್ದೆ.

ಇಂಥ ಫುಪ್ಪು ಹೋದ ವರ್ಷ, ಜರ್ಮನಿಗೆ ಹೋಗಿ ಹಡಗಿನಲ್ಲಿ ನದಿಗುಂಟ ಹಳೆಯ ಊರುಗಳನ್ನು ನೋಡಿ ಬರುತ್ತೇನೆ ಎಂದಳು. ಹಜ್ ಮುಗಿಸಿಬಂದಿದ್ದಳು, ಆದ್ದರಿಂದ ಮೊದಲು ಅದನ್ನು ಮಾಡು ಎನ್ನುವ ಮನೆಯವರ ವಾದ ಹುಟ್ಟುವ ಮೊದಲೇ ಬಿತ್ತು. ವಿರೋಧ ಪಕ್ಷದಲ್ಲಿ ಉಳಿದವಳು ನಾನೊಬ್ಬಳೇ. ನದಿಯೇ ಬೇಕಿದ್ದರೆ ಭೀಮಾ ಇಲ್ಲೇ ಇದೆ, ಘತ್ತರಗಿಯ ದಂಡೆಯಲ್ಲಿ ಕೂತು ನೋಡಬಹುದು ಎಂದೆ. ಹಳೆಯ ಊರೇ ಬೇಕಿದ್ದರೆ ನಮ್ಮ ಓಣಿಗಿಂತ ಹಳೆಯದು ಬೇಕೇ ಎಂದೆ. ಅವಳು ತಾಳ್ಮೆಯಿಂದ ಎಲ್ಲ ಕೇಳಿದಳು. ಆಮೇಲೆ ಬಾಗಿಲು ಮುಂದೆ ಮಾಡಿ ಹೇಳಿದಳು: "ನಾ ಒಂದು ಸುಳ್ಳು ಹೇಳೇನಿ ಬೇ."

ನೌಕರಿಗೆ ಸೇರಿದ ಹೊಸದರಲ್ಲಿ ರೈನ್ ನದಿಯ ಪಾಠ ಮಾಡುತ್ತಿದ್ದಾಗ, ಮುಂದಿನ ಸಾಲಿನ ಭೀಮಾಶಂಕರ ಎಂಬ ಹುಡುಗ ಎದ್ದು, ಬಾಯಾರು, ಅಂದರೆ ಟೀಚರು, ಅದನ್ನು ನೋಡಿದ್ದಾರೆಯೇ ಎಂದು ಕೇಳಿದನಂತೆ. ನೋಡಿದ್ದೇನೆ ಎಂದುಬಿಟ್ಟಳು. ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ಗುಡ್ಡಕ್ಕೊಂದು ಕೋಟೆ ಇದೆ, ದಂಡೆಯ ಜನ ಕೈ ಬೀಸುತ್ತಾರೆ, ಹಡಗಿನ ಮೇಲೆ ಚಹಾದ ಕಪ್ಪು ಅಲುಗುವುದೇ ಇಲ್ಲ ಎಂದು ವರ್ಣನೆಯನ್ನೂ ಮಾಡಿದಳು. ಮುಂದೆ ನಿವೃತ್ತಿಯವರೆಗೆ, ಪ್ರತಿ ವರ್ಷ ಆ ಪಾಠ ಬಂದಾಗ ಮಕ್ಕಳು ಅದನ್ನೇ ಕೇಳುತ್ತಿದ್ದರು, ಅವಳು ಅದನ್ನೇ ಹೇಳುತ್ತಿದ್ದಳು.

"ವ್ಯಾಳ್ಯಾ ತಪ್ಪಿದ ನಮಾಜಿಗೆ ಕಜಾ ಅದ. ಆಮ್ಯಾಲ ಮಾಡಿ ತೀರಿಸಬಹುದು. ಸುಳ್ಳಿಗ್ಯಾಕ ಇರಬಾರದು?"

ಕಜಾ ಇರುವುದು ಮಾಡದೆ ಬಿಟ್ಟದ್ದಕ್ಕೆ, ಆಡಿದ್ದಕ್ಕಲ್ಲ; ಈಗ ಹೋದರೆ ಈಗ ನೋಡಿದಂತಾಯಿತೇ ಹೊರತು ಆಗ ನೋಡಿದಂತಾಗಲಿಲ್ಲ ಎಂದು ನಾನು ವಾದಿಸಿದೆ. ಇಂದಿಗೂ ಅದು ನನ್ನ ಉತ್ತಮ ವಾದಗಳಲ್ಲಿ ಒಂದು. ಫುಪ್ಪು ಮೆಚ್ಚಿ ತಲೆದೂಗಿ, ವೀಸಾದ ಅರ್ಜಿ ನನ್ನ ಮುಂದಿಟ್ಟಳು. ಅರ್ಜಿ ಎರಡಿದ್ದವು.

ನಮ್ಮ ಹಡಗು ಮೊದಲು ಮೈನ್ ಎಂಬ ನದಿಯಲ್ಲಿ ಇಳಿದು ಆಮೇಲೆ ರೈನ್ ಸೇರುವುದಿತ್ತು. ಮೈನ್ ನದಿಯಲ್ಲಿ ಅಲ್ಲಲ್ಲಿ ದೊಡ್ಡ ಕಾಂಕ್ರೀಟಿನ ತೊಟ್ಟಿಗಳಿವೆ. ಹಡಗು ಒಳಹೊಕ್ಕ ಮೇಲೆ ಗೇಟು ಮುಚ್ಚಿ, ನೀರು ಹೊರಬಿಟ್ಟು, ಹಡಗನ್ನು ಮೆಲ್ಲಗೆ ಕೆಳಗಿನ ಮಟ್ಟಕ್ಕೆ ಇಳಿಸುತ್ತಾರೆ. ಇದು ನಮಗೆ ಗೊತ್ತಿರಲಿಲ್ಲ. ಮೊದಲ ದಿನ ಕಿಟಕಿಯಾಚೆ ಹಸಿ ಗೋಡೆ ಮೇಲೇರತೊಡಗಿತು. ಫುಪ್ಪು ಬಗ್ಗಿ ನೋಡಿದಳು. "ನೀರು ಇಳ್ಯಾಕತ್ತಾವ. ಬಕೀಟ್ ಎಲ್ಲದ?"

ನದಿ ಇಳಿಯುವುದು ಕಂಡರೆ ಭೀಮಾ ದಂಡೆಯವರ ಕೈ ತಾನಾಗಿ ನೀರಿನ ಕೊಡದ ಕಡೆ ಹೋಗುತ್ತದೆ. ಮುಂದೆ ನಳ ಬರುವುದು ಯಾವತ್ತೋ ಯಾರಿಗೆ ಗೊತ್ತು? ಬಾಟಲಿ ತುಂಬಿದಳು, ಲೋಟ ತುಂಬಿದಳು, ಚಹಾದ ಕೆಟಲಿ, ಕೊನೆಗೆ ಹೂದಾನಿ. ತರ್ಕಬದ್ಧಳಾದ ನಾನು ಏನು ಮಾಡುತ್ತಿದ್ದೆ ಎಂದು ಕೇಳಬೇಡಿ. ಬೇಸಿನ್ನಿನ ತೂತಿಗೆ ಕಾಲುಚೀಲ ತುರುಕಿ ನಳ ಬಿಟ್ಟಿದ್ದೆ. ಮರುದಿನ ಕೋಣೆ ಒರೆಸುವ ಹೆಂಗಸು ಎಲ್ಲವನ್ನೂ ಚೆಲ್ಲಿ ಹೋದಳು. ಹಡಗು ಇಳಿಯುವ ರೀತಿ ಅಷ್ಟರಲ್ಲಿ ತಿಳಿದಿತ್ತು. ಆದರೂ ಮುಂದಿನ ತೊಟ್ಟಿ ಬಂದಾಗ ಫುಪ್ಪು ಇವರ ಮೇಲೆ ಭರೋಸಾ ಇಲ್ಲವೆಂದು ಎರಡು ಬಾಟಲಿ ತುಂಬಿಟ್ಟಳು.

ಊರುಗಳು ಚೆಂದವಿದ್ದವು. ಕಟ್ಟಿಗೆಯ ತೊಲೆಗಳು ಗೋಡೆಯ ಹೊರಗೇ ಕಾಣುವ, ಒಂದರ ಹೆಗಲಿಗೆ ಒಂದು ಒರಗಿದ ಮನೆಗಳು. ನೂರಾರು ವರ್ಷದ ಮನೆಯಿದು ಎಂದು ಗೈಡ್ ಹೇಳಿದಾಗ, ಅಷ್ಟು ದಿನ ಅಣ್ಣತಮ್ಮಂದಿರು ಪಾಲು ಕೇಳಲಿಲ್ಲವೇ ಎಂದು ಫುಪ್ಪು ನನ್ನಿಂದ ಕೇಳಿಸಿದಳು. ಅವನು ಮುಂದಿನ ಮನೆಯ ಕಡೆ ನಡೆದ.

ರೈನ್ ಬಂತು. ಫುಪ್ಪು ಬೆಳಿಗ್ಗೆಯೇ ಇಸ್ತ್ರಿ ಸೀರೆಯುಟ್ಟು ಹಡಗಿನ ಮೇಲಿನ ಅಟ್ಟದಲ್ಲಿ ಕೂತಳು, ತಪಾಸಣೆಗೆ ಬಂದ ಇನ್‌ಸ್ಪೆಕ್ಟರರ ಹಾಗೆ. ಗುಡ್ಡಕ್ಕೊಂದು ಕೋಟೆ ಇತ್ತು. ದಂಡೆಯಲ್ಲಿ ಸೈಕಲ್ಲಿನ ಮುದುಕನೊಬ್ಬ ಕೈ ಬೀಸಿದ; ಅವಳು ಎದ್ದು ನಿಂತು ಬೀಸಿದಳು. ಚಹಾ ತರಿಸಿ ಮೇಜಿನ ಮೇಲಿಟ್ಟು, ಕೈ ತೆಗೆದು, ನೋಡುತ್ತ ಕೂತಳು. ನದಿ ಕಿರಿದಾಗಿ ತಿರುಗುವಲ್ಲಿ ಎದುರಿನಿಂದ ದೊಡ್ಡದೊಂದು ಸರಕು ಹಡಗು ಬಂತು. ಕಪ್ಪು ಬಶಿಯ ಮೇಲೆ ನಡುಗಿತು, ಸರಿಯಿತು, ತುಳುಕಿತು.

ಮೂರನೆಯ ಅಂಶ ಬಿತ್ತು ಎಂದೆ ನಾನು. ಅವಳು ಕರವಸ್ತ್ರದಿಂದ ಮೇಜು ಒರೆಸಿ ಉಳಿದ ಚಹಾ ಕುಡಿದಳು. ಇಷ್ಟು ದೂರ ಬಂದರೂ ಸುಳ್ಳು ಸುಳ್ಳಾಗಿಯೇ ಉಳಿದಿತ್ತು. ನಾನು ಗೆದ್ದಿದ್ದೆ, ಸಂಜೆಯವರೆಗೆ ನನ್ನೊಡನೆ ಮಾತಾಡುವವರಿರಲಿಲ್ಲ.

ಊರಿಗೆ ಮರಳಿದ ಮೇಲೆ, ಹೋದ ವಾರ, ಮದುವೆಯೊಂದಕ್ಕೆ ಆಳಂದಕ್ಕೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಬಂದು ಫುಪ್ಪುವಿನ ಕಾಲು ಮುಟ್ಟಿದರು. ಕಿವಿಯ ಹತ್ತಿರ ನರೆತ ಕೂದಲು, ಕೈಯಲ್ಲಿ ಉತ್ತರಪತ್ರಿಕೆಯ ಗಂಟು. ಅದೇ ಭೀಮಾಶಂಕರ. ಈಗ ಜೇವರ್ಗಿ ಕಡೆ ಭೂಗೋಳದ ಮಾಸ್ತರ್. ನಮ್ಮ ಬಾಯಾರು ಕಣ್ಣಾರೆ ಕಂಡ ನದಿ ಎಂದೇ ಮಕ್ಕಳಿಗೆ ಆ ಪಾಠ ಮಾಡುತ್ತೇನೆ ಎಂದರು. ಯಾರಿಂದಲೋ ಸುದ್ದಿ ತಿಳಿದಿತ್ತು.

"ಎರಡನೇ ಸಲ ಹೋಗಿ ಬಂದ್ರಂತಲ್ರೀ. ಮೊದಲಿನಂಗೇ ಅದೇನ್ರಿ?"

ಫುಪ್ಪು ಬಗ್ಗಿ ಸೀರೆಯ ನಿರಿಗೆ ಸರಿಮಾಡಿಕೊಳ್ಳತೊಡಗಿದಳು. ನನಗೆ ತಡೆಯಲಾಗಲಿಲ್ಲ. ಆಧಾರ, ಆಧಾರ ಎಂದು ಹದಿನೈದು ವರ್ಷ ಬಡಕೊಂಡ ನಾನೇ ಬಾಯಿ ಹಾಕಿದೆ: "ಹೌದ್ರಿ ಸರ್, ಆವಾಗ ನೋಡಿದಂಗೇ ಅದ ಅಂದ್ರು."

ಫುಪ್ಪು ನನ್ನನ್ನು ನೋಡಿದಳು. ಸೋತ ವಿದ್ಯಾರ್ಥಿಯನ್ನು ನೋಡುವ ಹಾಗೆ, ಆದರೆ ಪ್ರೀತಿಯಿಂದ. ಆಮೇಲೆ ಅವರ ಕಡೆ ತಿರುಗಿದಳು.

"ಇಲ್ಲಪ್ಪಾ. ಇದೇ ಮೊದಲು. ಆವತ್ತು ನಿನಗ ಸುಳ್ಳು ಹೇಳಿದ್ದೆ."

ಭೀಮಾಶಂಕರ ಮಾಸ್ತರ್ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತಗೊಂಡರು. "ನಾನು ಮಕ್ಕಳಿಗೆ ಹೇಳೇನಲ್ರೀ," ಎಂದರು, ದೂರಿನಂತಲ್ಲ, ದಾರಿ ಕೇಳುವಂತೆ. ಬಂದು ನಾನೇ ಹೇಳುತ್ತೇನೆ ಎಂದಳು ಫುಪ್ಪು.

ಹಾಗೆ ಇವತ್ತು ಬೆಳಿಗ್ಗೆ ಅವಳು ನಕ್ಷೆಯ ಮುಂದೆ ನಿಂತು ಎಲ್ಲ ಹೇಳಿದಳು, ತುಳುಕಿದ ಚಹಾದವರೆಗೆ. ಹೂದಾನಿಗೆ ನೀರು ತುಂಬಿದ ಮಾತಿಗೆ ಮಕ್ಕಳು ನಕ್ಕರು. ಆಗ ನನ್ನ ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದಳು.

"ಆವಾಗ ಹೇಳಿದ್ದು ಸುಳ್ಳು ಅಂತೀರಿ. ಈಗ ಹೇಳಿದ್ದು ಖರೇ ಅಂತ ಹೆಂಗ ನಂಬಬೇಕ್ರಿ?"

ಮಾಸ್ತರು ಗದರಲು ಹೊರಟರು. ಫುಪ್ಪು ಕೈ ಎತ್ತಿ ತಡೆದಳು. ನನ್ನ ಫೋನಿನಲ್ಲಿ ಮುನ್ನೂರು ಫೋಟೋಗಳಿದ್ದವು. ಅರ್ಧ ನಿಮಿಷದಲ್ಲಿ ವಾದ ಮುಗಿಯುತ್ತಿತ್ತು. ಕೈ ಆಗಲೇ ಚೀಲದೊಳಗಿತ್ತು.

"ನಂಬಬ್ಯಾಡವ್ವಾ," ಎಂದಳು ಫುಪ್ಪು. ಅವಳ ಮುಖ ಎಷ್ಟೋ ದಿನಗಳ ಮೇಲೆ ಅರಳಿತ್ತು. "ಹೋಗಿ ನೋಡು. ತಪ್ಪು ಸಿಕ್ರ ಬಂದು ನನ್ನ ಕೂಡ ಜಗಳಾಡು."

ಹುಡುಗಿ ಕೂತಳು. ನೋಟ್‌ಬುಕ್ಕಿನಲ್ಲಿ ನದಿಯ ಹೆಸರು ಬರೆದು, ಮುಂದೆ ದೊಡ್ಡದೊಂದು ಪ್ರಶ್ನೆಚಿಹ್ನೆ ಹಾಕಿ, ಅದನ್ನು ಇನ್ನೊಮ್ಮೆ ತಿದ್ದಿ ದಪ್ಪ ಮಾಡಿದಳು. ನಾನು ಬರಿಗೈ ಹೊರತೆಗೆದು ಚೀಲದ ಜಿಪ್ಪು ಎಳೆದೆ.