ಅಲ್ಲಾಡ್ಬೇಡ ಮಾಮ

ಮಿದುಳಿನ ಸ್ಕ್ಯಾನ್ ತೆಗೆಯುವ ಟೆಕ್ನಿಷಿಯನ್‌ಗೆ ಮಕ್ಕಳಿಟ್ಟ ಹೆಸರು ‘ಅಲ್ಲಾಡ್ಬೇಡ ಮಾಮ’. ಇಪ್ಪತ್ತು ವರ್ಷ ಅದೊಂದೇ ಮಾತು ಜಪಿಸಿ, ಒಮ್ಮೆ ತನ್ನ ತಲೆಗೂದಲು ಕತ್ತರಿಸುತ್ತಿದ್ದವನಿಗೂ ಅದನ್ನೇ ಹೇಳಿ ಬೈಸಿಕೊಂಡಿದ್ದ. ಹುಟ್ಟಿನಿಂದಲೇ ಬಂದ ವಂಶವಾಹಿ ದೋಷದಿಂದ ಮಿದುಳು ಸವೆಯುತ್ತಿದ್ದ ಆರು ವರ್ಷದ ಪುಟ್ಟಿ ಮಾತ್ರ ಅವನಿಗೆ ಸೊಪ್ಪು ಹಾಕಿರಲಿಲ್ಲ. ಹೋದ ವರ್ಷ ಯಂತ್ರದೊಳಗೇ ಕಾಲು ಝಾಡಿಸಿ, “ನೀನೇ ಮಲಕ್ಕೋ ಹೋಗೋ ಮಾಮ!” ಅಂದಿದ್ದಳು. ನಾಲ್ಕು ಸಲ ತೆಗೆದರೂ ಚಿತ್ರ ಮಸುಕಾಗಿತ್ತು.

ಈ ವರ್ಷ ತಾಯಿ ಎತ್ತಿಕೊಂಡು ಬಂದು ಮಲಗಿಸಿದಳು. ಪುಟ್ಟಿ ಹಾಗೇ ಮಲಗಿದಳು. ಅವನು ಬಾಯಿ ತೆರೆಯಬೇಕಾಗಲೇ ಇಲ್ಲ. ಮೊದಲ ಸಲಕ್ಕೇ ಚಿತ್ರ ನಿಚ್ಚಳವಾಗಿ ಬಂತು. ಅದರಲ್ಲಿ ಮಿದುಳಿಗಿಂತ ಖಾಲಿ ಜಾಗವೇ ಹೆಚ್ಚಿತ್ತು.

“ಈ ಸಲ ಎಷ್ಟು ಜಾಣೆ ಆಗಿದ್ದಾಳೆ ನೋಡಿ ಅಣ್ಣಾ,” ಎಂದಳು ತಾಯಿ.

“ಹೂಂ ಕಣಮ್ಮ, ಜಾಣೆ,” ಎಂದ.

ಮುಂದಿನ ವರ್ಷದ ಸ್ಕ್ಯಾನ್‌ನ ತಾರೀಖಿನ ಚೀಟಿಯನ್ನು ಅವನು ಈ ಸಲ ಬರೆಯಲಿಲ್ಲ. ತಾಯಿಯೂ ಕೇಳಲಿಲ್ಲ.