ಖಾಲಿ ಜೀನನ್ನು ನಂಬದ ಗುರುಪಾದಪ್ಪನವರು

ಗುರುಪಾದಪ್ಪನವರನ್ನು ಮೊದಲು ಕಂಡದ್ದು 1998ರಲ್ಲಿ, ಕೊಲ್ಲಿ ನಾಡಿನ ಬನಿಯಾಸ್ ಬಳಿಯ ಕುದುರೆಲಾಯದಲ್ಲಿ. ಜಮಖಂಡಿ ಕಡೆಯವರಾದ ಅವರು ಅಲ್ಲಿ ಕುದುರೆಗಳ ಆರೈಕೆಗಿದ್ದರು. ಅಂದು ಕಿರಿದಾದ ಬೆನ್ನಿನ ಒಂದು ಹೆಣ್ಣುಕುದುರೆಯ ಮುಂದೆ ಚಿಂತೆಯಿಂದ ನಿಂತಿದ್ದರು. ಹಳೆಯ ಅಗಲವಾದ ಜೀನು ಅದರ ಹೆಗಲ ಮೂಳೆಯನ್ನು ಉಜ್ಜಿ ಹುಣ್ಣು ಮಾಡಿತ್ತು. ಅದು ಆಗಷ್ಟೇ ಮಾಯ್ದಿತ್ತು. ಮತ್ತೆ ಹುಣ್ಣಾದರೆ ಕುದುರೆಯನ್ನು ಮಾರಿಬಿಡುವುದಾಗಿ ಯಜಮಾನರು ಹೇಳಿದ್ದರು. ಅಂಗಡಿಯಿಂದ ತರಿಸಿದ್ದ, ಮುಂದೆ ಕೊಂಬಿರುವ ಅಮೆರಿಕದ ಮಾದರಿಯ ಎರಡು ಜೀನುಗಳಲ್ಲಿ ಒಂದನ್ನು ಸಂಜೆಯೊಳಗೆ ಆರಿಸಬೇಕಾಗಿತ್ತು.

ಮೊದಲನೆಯದನ್ನು ಹೊರಿಸಿ, ಮೂಳೆಗೂ ಜೀನಿಗೂ ನಡುವೆ ಬೆರಳು ತೂರಿಸಿದರು. ಮೂರು ಬೆರಳು ಹಿಡಿಸಿದವು. ಆದರೂ ಅವರ ಕಳವಳ ಇಳಿಯಲಿಲ್ಲ.

“ಎಂತ ಗುರುಪಾದಪ್ಪಣ್ಣ, ಕುದುರೆಗೆ ಮದುವೆ ಸೀರೆ ಆರಿಸ್ತಾ ಇದ್ದೀರಾ?” ಎಂದು ಲಾಯದ ಗುಮಾಸ್ತ, ಉಡುಪಿ ಕಡೆಯ ತಿಲಕ್ ನಕ್ಕ.

“ನೀವ ಒಂದ್ಸಲ ಹತ್ತಿ ಕುಂದರ್ರಿ, ತಿಲಕ್ ಸಾಹೇಬ್ರ. ಖಾಲಿ ಜೀನು ನಂಬಂಗಿಲ್ಲ.”

ದಪ್ಪ ಮೈಯ ತಿಲಕ್ ಹೇಗೋ ಹತ್ತಿ ಕುಳಿತ. ಜೀನು ಕುಸಿಯಿತು, ಒಂದು ಬೆರಳೂ ತೂರಲಿಲ್ಲ.

“ಜೀನಿನ ಅಡಿಗೆ ಇನ್ನೊಂದು ಕಂಬಳಿ ಹಾಕಿ, ಖಲಾಸ್,” ಎಂದ.

“ದೊಡ್ಡ ಅಂಗಿಯೊಳಗ ಹತ್ತಿ ತುಂಬಿದ್ರ ಅಳತಿ ಸರಿ ಆಗತೈತೇನ್ರಿ? ಇಳೀರಿ.”

ಎರಡನೆಯ ಜೀನಿನ ಚೌಕಟ್ಟು ಕಿರಿದು. ತಿಲಕ್ ಕುಳಿತಾಗಲೂ ಎರಡು ಬೆರಳು ಸಲೀಸಾಗಿ ಆಡಿದವು. ಅದನ್ನೇ ಇರಿಸಿಕೊಂಡರು. ಆದರೂ ಮರುದಿನ ಸವಾರಿ ಮುಗಿಯುವವರೆಗೆ ಅವರಿಗೆ ಊಟ ರುಚಿಸಲಿಲ್ಲ. ಜೀನು ಇಳಿಸಿ ನೋಡಿದರೆ ಬೆವರು ಎರಡೂ ಬದಿಗೆ ಸಮನಾಗಿ ಹರಡಿತ್ತು, ಅಂದರೆ ಜೀನು ಎಲ್ಲೂ ಹೆಚ್ಚು ಒತ್ತಿರಲಿಲ್ಲ. ಬೆನ್ನು ಒತ್ತಿದರೆ ಕುದುರೆ ಬೆದರಲಿಲ್ಲ.

ಗುರುಪಾದಪ್ಪನವರು ಈಗಲೂ ಅದೇ ಲಾಯದಲ್ಲಿದ್ದಾರೆ, ಹೊಸಬರಿಗೆ ಕೆಲಸ ಕಲಿಸುತ್ತಾರೆ. ಮೊದಲ ವಾರ ಯಾರಿಗೂ ಜೀನು ಮುಟ್ಟಗೊಡುವುದಿಲ್ಲ; ಕುದುರೆಗಳ ಬೆನ್ನು ಸವರಿ ಬರಲು ಕಳಿಸುತ್ತಾರೆ.