ಆರ್ಲೋನ ಕಿವಿಗೆ ಸರಿಯಿದ್ದ ರೇಡಿಯೋ

ಟಿಂಬರ್ ಫೋರ್ಕ್ ಕಣಿವೆಯಲ್ಲಿ ಆರ್ಲೋ ಹೆಲ್ಗೆನ್‌ನನ್ನು ಕಂಡರೆ ಆಗದವರು ಯಾರೂ ಇರಲಿಲ್ಲ. ಅದೇ ಅವನಿಗೆ ಮುಳುವಾಯಿತು ಅನ್ನಿ. ಒಬ್ಬನಾದರೂ ಶತ್ರು ಇದ್ದಿದ್ದರೆ ವಿಷಯ ಎಂದೋ ಅವನ ಕಿವಿಗೆ ಬಿದ್ದಿರುತ್ತಿತ್ತು.

ಮೂವತ್ತು ಚಳಿಗಾಲ ಅವನು ಜಿಲ್ಲೆಯ ಹಿಮ ತೆಗೆಯುವ ಲಾರಿ ಓಡಿಸಿದವನು. ಮೊಂಟಾನಾದ ಈ ಮೂಲೆಯಲ್ಲಿ ಆ ಕೆಲಸ ಅಂದರೆ ಪಾದ್ರಿಯ ಕೆಲಸಕ್ಕಿಂತ ಒಂದು ತೂಕ ಹೆಚ್ಚು. ಹೆರಿಗೆಗೆ ಹೊರಟವರೂ ಹೆಣ ಹೊತ್ತವರೂ ಅವನ ಲಾರಿಯ ಹಿಂದೆಯೇ ಹೋಗಬೇಕು. ಹಾಗಾಗಿಯೇ ನಮ್ಮ ಚರ್ಚಿನವರು ಸ್ಯಾಡಲ್ ಗುಡ್ಡದ ಮೇಲೆ ಪುಟ್ಟ ರೇಡಿಯೋ ಕಂಬ ನಿಲ್ಲಿಸಿದಾಗ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಜನವರಿಯಲ್ಲೂ ಗುಡ್ಡ ಹತ್ತಬಲ್ಲವನು ಅವನೊಬ್ಬನೇ.

ಕಂಬ ಎಂದರೆ ದೊಡ್ಡದೇನಲ್ಲ. ದೂರದ ನಗರದಲ್ಲಿ ಕ್ರೈಸ್ತ ಕಾರ್ಯಕ್ರಮ ನಡೆಸುವ ಒಂದು ದೊಡ್ಡ ಸ್ಟೇಷನ್ ಇದೆ. ಅದರ ದನಿ ಉಪಗ್ರಹದಿಂದ ಗುಡ್ಡದ ಮೇಲಿನ ಡಿಶ್ ತಟ್ಟೆಗೆ ಇಳಿಯುತ್ತದೆ, ತಗಡಿನ ಗುಡಿಸಲೊಳಗಿನ ಎರಡು ಪೆಟ್ಟಿಗೆ ಹಾದು ಕಂಬಕ್ಕೆ ಏರುತ್ತದೆ, ಅಲ್ಲಿಂದ ನಮ್ಮ ಕಣಿವೆಗೆ ಹರಡುತ್ತದೆ. ಅದರ ಶಕ್ತಿ ಒಂದು ಮಂಕು ಬಲ್ಬು ಉರಿಸುವಷ್ಟು. ಆದರೂ ಹಾಲು ಕರೆಯುವ ಕೊಟ್ಟಿಗೆಯಿಂದ ಹಿಡಿದು ಪೆಟ್ರೋಲ್ ಬಂಕಿನವರೆಗೆ ಎಲ್ಲರ ಮನೆಯಲ್ಲೂ ಅದೇ ಹಾಡುತ್ತಿತ್ತು. ಹೆಂಡತಿ ಕೋರಾ ತೀರಿಕೊಂಡ ಮೇಲೆ ಆರ್ಲೋನ ಮನೆಯಲ್ಲಿ ಅದು ಆರಿದ್ದೇ ಇಲ್ಲ. ಮಧ್ಯಾಹ್ನದ ಹೊತ್ತು ಲೀನೆಟ್ ಎಂಬ ಹೆಂಗಸು ಊರೂರಿನ ಜನರ ಪ್ರಾರ್ಥನೆಯ ಕೋರಿಕೆಗಳನ್ನು ಓದುತ್ತಿದ್ದಳು. ಆರ್ಲೋ ಸೂಪು ಬಡಿಸಿಕೊಂಡು ಅವಳ ಎದುರು ಕೂತಂತೆ ರೇಡಿಯೋದ ಎದುರು ಕೂರುತ್ತಿದ್ದ. ಗೊತ್ತಿಲ್ಲದ ಊರಿನ ಗೊತ್ತಿಲ್ಲದವರ ಮಂಡಿನೋವು, ಮಗನ ಕುಡಿತ, ಕಳೆದುಹೋದ ನಾಯಿ ಎಲ್ಲವನ್ನೂ ಕೇಳಿ "ಪಾಪ, ಪಾಪ" ಎನ್ನುತ್ತಿದ್ದ. ದಿನಕ್ಕೆ ಒಂದು ಊಟವಾದರೂ ಒಂಟಿಯಾಗಿ ಮಾಡುವುದು ತಪ್ಪಿತಲ್ಲ, ಅಷ್ಟು ಸಾಕಾಗಿತ್ತು ಅವನಿಗೆ.

ಲಾರಿಯ ಇಂಜಿನ್ನು ಅವನ ಕಿವಿಯನ್ನು ತಿಂದುಹಾಕಿತ್ತು. ಪೂರ್ತಿ ಅಲ್ಲ. ದಪ್ಪ ದನಿ ಚೆನ್ನಾಗಿಯೇ ಕೇಳುತ್ತಿತ್ತು, ತೆಳು ದನಿ ಮಾತ್ರ ವರ್ಷದಿಂದ ವರ್ಷಕ್ಕೆ ಸೋರಿಹೋಗುತ್ತಿತ್ತು. ಹಕ್ಕಿಗಳು ಕಡಿಮೆಯಾಗಿವೆ ಎಂದುಕೊಂಡ. ಹುಡುಗಿಯರು ಈಗ ಬಾಯಿ ಬಿಟ್ಟು ಮಾತಾಡುವುದಿಲ್ಲ ಎಂದುಕೊಂಡ. ಲೀನೆಟ್‌ಳ ಮಾತು ಮಸುಕಾದಾಗ, ಪೆಟ್ಟಿಗೆ ಹಳೆಯದಾಯಿತು ಎಂದುಕೊಂಡು ಗುಡ್ಡ ಹತ್ತಿ, ತೆಳು ದನಿ ಏರಿಸುವ ಗುಂಡಿಯನ್ನು ಒಂದು ಚೂರು ತಿರುಗಿಸಿ ಬಂದ. ಮಾತು ತಿಳಿಯಾಯಿತು, ಅವನಿಗೆ.

ಉಳಿದವರಿಗೆ ಅದು ಕಾದ ಬಾಣಲೆಗೆ ನೀರು ಎರಚಿದಂತೆ ಕೇಳತೊಡಗಿತು. ಲೀನೆಟ್ ಬಾಯಿ ತೆರೆದರೆ ಚುರ್ ಚುರ್, ಹಾಡಿನಲ್ಲಿ ತಾಳ ಬಡಿದರೆ ಗಾಜು ಒಡೆದ ಸದ್ದು. ನಮ್ಮ ಚರ್ಚಿನವರೋ, ಮುಖದ ಮೇಲೆ ಹೊಡೆದ ಹಾಗೆ ಮಾತಾಡುವುದನ್ನು ಕಳ್ಳತನಕ್ಕಿಂತ ದೊಡ್ಡ ಪಾಪ ಎಂದು ತಿಳಿದವರು. "ಬ್ರದರ್ ಆರ್ಲೋ, ಇತ್ತೀಚೆಗೆ ಸ್ವಲ್ಪ ಸ್ಪಷ್ಟ ಇಲ್ವೇನೋ ಅನ್ಸುತ್ತೆ, ನನ್ನ ರೇಡಿಯೋನೇ ಸರಿ ಇಲ್ವೋ ಏನೋ," ಎಂದು ನೆಲ ನೋಡುತ್ತಾ ಹೇಳುವರು. ಸ್ಪಷ್ಟ ಇಲ್ಲವೆಂದರೆ ಆರ್ಲೋ ಏನು ಮಾಡಬೇಕು? ಪಾಪ, ಅಂದೇ ಗುಡ್ಡ ಹತ್ತಿ ಗುಂಡಿಯನ್ನು ಇನ್ನೊಂದು ಚೂರು ಏರಿಸುವನು. ಮುಂದಿನ ಭಾನುವಾರ "ಈಗ ಹೇಗಿದೆ?" ಎಂದು ಕೇಳಿದರೆ "ದೇವರು ಒಳ್ಳೆಯದು ಮಾಡ್ಲಿ ನಿನಗೆ" ಎನ್ನುವರು. ಅವನು ಅದನ್ನೇ ಹೊಗಳಿಕೆ ಎಂದು ತಿಳಿದ.

ಹೀಗೆ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಕಣಿವೆಯ ಮುಕ್ಕಾಲು ರೇಡಿಯೋಗಳು ಬಾಯಿ ಮುಚ್ಚಿದ್ದವು. ದೊಡ್ಡ ಸ್ಟೇಷನ್ನಿನವರು ಪಾಸ್ಟರ್ ಡ್ವೇನ್‌ಗೆ ಖಡಾಖಂಡಿತವಾಗಿ ಹೇಳಿಬಿಟ್ಟರು: ಈ ಕರ್ಕಶ ದನಿ ತಮ್ಮ ಹೆಸರಿಗೆ ಮಸಿ ಬಳಿಯುತ್ತಿದೆ, ತಿಂಗಳ ಕೊನೆಯೊಳಗೆ ಸರಿಯಾಗದಿದ್ದರೆ ಪೆಟ್ಟಿಗೆಗಳನ್ನು ಬಿಚ್ಚಿ ಬೇರೆ ಊರಿಗೆ ಕೊಡುತ್ತೇವೆ. ಪಾಸ್ಟರ್ ಈ ಸುದ್ದಿಯನ್ನು ಆರ್ಲೋನಿಗೆ ಮುಟ್ಟಿಸಿದ್ದು ಹೀಗೆ: "ಅವರು ಕಂಬ ತೆಗೆಯೋ ಯೋಚನೆಯಲ್ಲಿದ್ದಾರಂತೆ ಬ್ರದರ್. ಯಾಕೋ ಏನೋ. ದೇವರ ಚಿತ್ತ."

ಆರ್ಲೋ ಕೈಕಟ್ಟಿ ಕೂರಲಿಲ್ಲ. ಕೇಬಲ್ಲು ಬದಲಿಸಿದ, ತಟ್ಟೆಯ ಮಂಜು ಕೆರೆದ, ಕಂಬದ ತುದಿಗೆ ಹತ್ತಿ ಒಂದೊಂದು ಬೋಲ್ಟನ್ನೂ ಬಿಗಿದ. ಆ ವಯಸ್ಸಿನಲ್ಲಿ! ಕೆಳಗೆ ನಿಂತು ನೋಡಿದವರಿಗೆ ಎದೆ ಝಲ್ಲೆಂದಿತು. ಆದರೂ ಒಬ್ಬರ ಬಾಯಿಂದ ಒಂದು ಮಾತು ಹೊರಡಲಿಲ್ಲ ನೋಡಿ.

ಬಾಯಿ ಬಿಟ್ಟವಳು ಒಟಿಲಿ ಕ್ರೌಸ್ ಎಂಬ ಮುದುಕಿ. ಆರ್ಲೋ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಅವನಿಗೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವಳು. ಸೊಂಟ ಮುರಿದುಕೊಂಡು ಚಳಿಗಾಲವೆಲ್ಲ ದೂರದ ಊರಿನ ತಂಗಿಯ ಮನೆಯಲ್ಲಿದ್ದು, ಈಗಷ್ಟೇ ವಾಪಸು ಬಂದು ನಮ್ಮ ವೃದ್ಧಾಶ್ರಮ ಸೇರಿದ್ದಳು. ಕಣ್ಣು ಪೂರ್ತಿ ಹೋಗಿತ್ತು. ಹಾಸಿಗೆಯ ಪಕ್ಕದಲ್ಲಿ ರೇಡಿಯೋ ಒಂದಿತ್ತು. ಆರ್ಲೋ ನೋಡಲು ಹೋದಾಗ ಅದು ಆರಿತ್ತು.

"ರೇಡಿಯೋ ಕೆಟ್ಟಿದೆಯಾ ಮಿಸೆಸ್ ಕ್ರೌಸ್? ಕೊಡಿ, ರಿಪೇರಿ ಮಾಡ್ಕೊಂಡು ಬರ್ತೀನಿ."

"ಅದೇನೂ ಕೆಟ್ಟಿಲ್ಲ. ಕೆಡಿಸಿರೋನು ನೀನು." ಹುಡುಗರನ್ನು ಗದರಿ ಗದರಿ ಗಡುಸಾದ ದನಿ ಅವಳದು, ಒಂದಕ್ಷರ ಬಿಡದೆ ಆರ್ಲೋನಿಗೆ ಕೇಳಿತು. "ಏನಯ್ಯಾ ಅದು? ಹಂದಿಮಾಂಸ ಹುರಿಯೋ ಸದ್ದು! ಆ ಹೆಂಗಸು ಮಾತಾಡ್ತಾಳೋ ನನ್ನ ಮೇಲೆ ಉಗೀತಾಳೋ? ಕಣ್ಣಿಲ್ದೋಳಿಗೆ ಇದ್ದಿದ್ದು ಅದೊಂದು. ನಿನ್ನ ಕಿವಿಗೇನು ಬಂದಿದೆ ರೋಗ?"

"ನನ್ನ ಕಿವಿ ಚೆನ್ನಾಗೇ ಇದೆ."

"ಹೌದಾ? ಈಗ ಕಿಟಕಿ ಹೊರಗೆ ಹಕ್ಕಿ ಕೂಗ್ತಿದೆ. ಕೇಳ್ತಾ?"

ಆರ್ಲೋ ಕಿಟಕಿಯತ್ತ ನೋಡಿದ. ಬೇಲಿಯ ಮೇಲೆ ಕೂತ ಹಕ್ಕಿಯ ಕೊಕ್ಕು ತೆರೆದು ಮುಚ್ಚುತ್ತಿತ್ತು. ಅವನು ಟೋಪಿ ಎತ್ತಿಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ ಎದ್ದುಬಂದ.

ಸಿಟ್ಟು ನೆತ್ತಿಗೇರಿತ್ತು. ತನ್ನ ಪಿಕಪ್ ಗಾಡಿಯಲ್ಲಿ ಕೂತು ರೇಡಿಯೋ ಹಚ್ಚಿದ. ಬೆಳ್ಳಿಯಂತೆ ತಿಳಿಯಾಗಿತ್ತು. ಮುದುಕಿಗೆ ಅರಳುಮರಳು ಎಂದುಕೊಂಡು ನೇರ ಚರ್ಚಿನ ಅಡುಗೆಮನೆಗೆ ಹೋದ. ಬುಧವಾರದ ಸಹಭೋಜನಕ್ಕೆ ಮರ್ಲಾ ಎಂಬಾಕೆ ಓವನ್ನಿನಲ್ಲಿ ಹಾಟ್‌ಡಿಶ್ ಎಂಬ ಆಲೂಗಡ್ಡೆಯ ಪದಾರ್ಥ ಬೇಯಿಸುತ್ತಿದ್ದಳು. ಪಾಸ್ಟರ್ ಡ್ವೇನ್ ಕಾಫಿ ಕುಡಿಯುತ್ತಿದ್ದ.

"ಮರ್ಲಾ, ನನ್ನ ಮುಖ ನೋಡಿ ಹೇಳು. ರೇಡಿಯೋ ಹೇಗೆ ಕೇಳುತ್ತೆ?"

ಮರ್ಲಾ ಬೇಯದ ಹಾಟ್‌ಡಿಶ್ಶನ್ನು ಓವನ್ನಿನಿಂದ ತೆಗೆದಳು, ಮತ್ತೆ ಒಳಗಿಟ್ಟಳು. "ನೀನು ಎಷ್ಟು ಕಷ್ಟಪಡ್ತೀಯ ಬ್ರದರ್..."

"ಅದಲ್ಲ ನಾನು ಕೇಳಿದ್ದು."

"ನಾವೆಲ್ಲ ಅದಕ್ಕಾಗಿ ಪ್ರಾರ್ಥನೆ ಮಾಡ್ತಾನೇ ಇದೀವಿ," ಎಂದ ಪಾಸ್ಟರ್.

"ಯಾವುದಕ್ಕೆ?"

ಪಾಸ್ಟರ್ ಮರ್ಲಾಳತ್ತ ತಿರುಗಿದ. ಕೊನೆಗೆ ಮರ್ಲಾಳ ಕಣ್ಣಲ್ಲಿ ನೀರು ತುಂಬಿತು. "ನಿನ್ನ ಕಿವಿಗೆ ಕಣೋ! ಪ್ರತಿ ಗುರುವಾರ, ಹೆಂಗಸರ ಸಭೇಲಿ. ಹೆಸರು ಹೇಳಿಲ್ಲ, 'ನಮ್ಮ ಒಬ್ಬ ಸಹೋದರ' ಅಂತ ಅಷ್ಟೇ."

"ಇಡೀ ಚಳಿಗಾಲ?"

"ಇಡೀ ಚಳಿಗಾಲ."

"ಮಳ್ಳನ ಹಾಗೆ ನಾನು ಕಂಬ ಹತ್ತಿ ಇಳೀತಿದ್ದೆ. ನೀವು ನನಗೆ ಹೇಳೋ ಮಾತನ್ನ ದೇವರಿಗೆ ಹೇಳ್ಕೊಂಡು ಕೂತಿದ್ರಾ? ಅವನೇನು ಗುಡ್ಡ ಹತ್ತಿ ಬಂದು ಗುಂಡಿ ತಿರುಗಿಸ್ತಾನಾ?"

ಪಾಸ್ಟರ್‌ನ ಮುಖ ಹುಳ್ಳಗಾಯಿತು. ಸ್ಟೇಷನ್ನಿನವರು ಕೊಟ್ಟ ಗಡುವನ್ನೂ ಅದರ ಕಾರಣವನ್ನೂ ಆಗ ಬಿಡಿಸಿ ಹೇಳಿದ. ಬೇರೆ ಯಾರನ್ನಾದರೂ ಕಳಿಸಿ ಗುಂಡಿ ಇಳಿಸಬಹುದಿತ್ತು, ಆದರೆ ಆರ್ಲೋನಿಗೆ ನೋವಾಗುತ್ತದೆ ಎಂದು ಮನಸ್ಸು ಬರಲಿಲ್ಲವಂತೆ. ಎಂಥ ಜನ ಇವರು! ಪ್ರೀತಿಯೇನೋ ಕೊಡಗಟ್ಟಲೆ ಇದೆ, ಅದನ್ನು ಹೇಗೆ ಕೊಡಬೇಕೆಂದು ಮಾತ್ರ ಗೊತ್ತಿಲ್ಲ. ಆರ್ಲೋನಿಗೆ ನಾಚಿಕೆಯಿಂದ ಕುತ್ತಿಗೆಯವರೆಗೂ ಬಿಸಿಯಾಯಿತು. ಆ ಕ್ಷಣಕ್ಕೆ ಕಂಬ, ಪೆಟ್ಟಿಗೆ, ಚರ್ಚು ಎಲ್ಲ ಹಾಳಾಗಿಹೋಗಲಿ ಎನಿಸಿತು.

ಮಾರನೆಯ ದಿನ ಊಟದ ಹೊತ್ತಿಗೆ ಅವನು ಗುಡ್ಡದ ಮೇಲಿದ್ದ. ಲೀನೆಟ್ ಮಾತಾಡುವ ಸಮಯ ಅದು, ದನಿ ಸರಿಮಾಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಗುಡಿಸಲಿನ ಪುಟ್ಟ ರೇಡಿಯೋ ಹಚ್ಚಿ, ಮೊಬೈಲಿನಲ್ಲಿ ವೃದ್ಧಾಶ್ರಮಕ್ಕೆ ಕರೆಮಾಡಿ, ಒಟಿಲಿ ಕ್ರೌಸ್‌ಳ ಕೈಗೆ ಫೋನು ಕೊಡಿಸಿದ.

"ಮಿಸೆಸ್ ಕ್ರೌಸ್, ನನ್ನ ಕಿವಿ ಹೋಗಿದೆ. ನಿಮ್ಮ ಕಿವಿ ಬೇಕು."

"ಅಂತೂ ಬುದ್ಧಿ ಬಂತಲ್ಲ. ತಡಿ, ರೇಡಿಯೋ ಹಾಕ್ತೀನಿ. ಅಯ್ಯಯ್ಯೋ, ಶುರುವಾಯ್ತು ಹುರಿಯೋದು! ತಿರುಗಿಸು."

ತಿರುಗಿಸಿದ.

"ಇನ್ನೂ."

ಇನ್ನಷ್ಟು ತಿರುಗಿಸಿದ. ಲೀನೆಟ್‌ಳ ಮಾತಿನ ಅಂಚು ಸವೆಯಿತು.

"ಇನ್ನೂ ಕಣೋ, ಸಂಕೋಚ ಯಾಕೆ?"

ಈಗ ಲೀನೆಟ್ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದಂತೆ ಕೇಳಿತು. ಪದಗಳು ಒಂದಕ್ಕೊಂದು ಅಂಟಿಕೊಂಡವು. ಇನ್ನೊಂದು ಚೂರು ಇಳಿಸಿದರೆ ಅವಳು ಹೋದಳು ಎಂಬುದು ಆರ್ಲೋನಿಗೆ ಗೊತ್ತಾಯಿತು. ಬೆರಳು ಗುಂಡಿಯ ಮೇಲೇ ನಿಂತಿತು.

"ಈಗ ಸರಿ ಆಯ್ತಲ್ವಾ?"

"ಎಲ್ಲಿ ಆಯ್ತು? ಅರ್ಧ ದಾರಿಗೂ ಬಂದಿಲ್ಲ."

ಆರ್ಲೋ ಗಂಟಲು ಸರಿಮಾಡಿಕೊಂಡ. "ಇಷ್ಟೇ ತಿರುಗೋದು ಮಿಸೆಸ್ ಕ್ರೌಸ್. ಇದರ ಮೇಲೆ ಆಗಲ್ಲ."

"ಆರ್ಲೋ, ಸಂಡೇ ಸ್ಕೂಲಲ್ಲೂ ಸುಳ್ಳು ಹೇಳೋ ಮುಂಚೆ ನೀನು ಹೀಗೇ ಕೆಮ್ತಿದ್ದೆ."

ಅವನು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. "ಇನ್ನೂ ಇಳಿಸಿದ್ರೆ ನನಗೆ ಅವಳು ಕೇಳಲ್ಲ. ಕೋರಾ ಹೋದಮೇಲೆ ನಾನು ಊಟ ಮಾಡೋದೇ ಇವಳ ಜೊತೆ. ನಗಬೇಡಿ."

"ನಗ್ತಿಲ್ಲ ಕಣಯ್ಯ." ಗಡುಸು ದನಿ ಮೆತ್ತಗಾಗಿತ್ತು. "ಕಿವಿಗೆ ಹಾಕೋ ಮಷೀನು?"

"ನನ್ನ ಹಾಗೇ ಲಾರಿ ಓಡಿಸ್ತಿದ್ದೋನೊಬ್ಬ ತಂದಿದ್ದ. ಗದ್ದಲ ಜಾಸ್ತಿ ಆಯ್ತಂತೆ, ಮಾತು ಹಾಗೇ ಉಳೀತಂತೆ. ಇಂಜಿನ್ನು ತಿಂದ ಕಿವಿ ಮತ್ತೆ ಬರಲ್ಲ ಅಂದ್ರಂತೆ ಡಾಕ್ಟ್ರು."

ಒಟಿಲಿ ತಿರುಗಿಸು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳ ಕೋಣೆಯ ರೇಡಿಯೋ ಮಾತ್ರ ಸದ್ದು ಮಾಡುತ್ತಿತ್ತು. ಕೆಳಗೆ ಕಣಿವೆ ಹಾಸಿಕೊಂಡು ಬಿದ್ದಿತ್ತು: ಆರಿಸಿಟ್ಟ ರೇಡಿಯೋಗಳ ಮನೆಗಳು, ಕೊಟ್ಟಿಗೆಗಳು, ಚರ್ಚಿನ ಹಸಿರು ತಗಡು. ಆರ್ಲೋ ಎದ್ದ. ಪಕ್ಕದ ಪುಟ್ಟ ರೇಡಿಯೋದಿಂದ ಮುಖ ತಿರುಗಿಸಿಕೊಂಡು ಗುಂಡಿಯನ್ನು ನಿಧಾನವಾಗಿ ಇಳಿಸುತ್ತಾ ಹೋದ. ಲೀನೆಟ್ ಬರೀ ಗುನುಗಾದಳು, ಆಮೇಲೆ ಅದೂ ಹೋಯಿತು.

"ನಿಲ್ಸು! ಅಲ್ಲೇ ನಿಲ್ಸು!" ಒಟಿಲಿ ಕೂಗಿದಳು. "ಆಹಾ! ಎಷ್ಟು ತಂಪಾಗಿದೆಯೋ ಇವಳ ದನಿ! ನಾನು ಯಾವಳೋ ಜಗಳಗಂಟಿ ಅಂದ್ಕೊಂಡಿದ್ದೆ. ನರ್ಸಮ್ಮಾ, ಬಾ ಇಲ್ಲಿ, ಕೇಳು ಇದನ್ನ..."

ಆರ್ಲೋ ಗುಂಡಿಯ ಮೇಲೆ ಟೇಪು ಸುತ್ತಿದ, ಅಲುಗದಂತೆ, ತನ್ನ ಕೈಯೂ ಮತ್ತೆ ಅದರ ಮೇಲೆ ಹೋಗದಂತೆ. ಬುತ್ತಿ ಬಿಚ್ಚಿದ. ಬ್ರೆಡ್ಡು ಬಾಯಿಯ ಹತ್ತಿರ ಹೋಗಿ ಹಾಗೇ ನಿಂತಿತು.

"ಮಿಸೆಸ್ ಕ್ರೌಸ್, ಇದೀರಾ?"

"ಇಲ್ಲೇ ಇದೀನಿ."

"ಏನು ಹೇಳ್ತಿದಾಳೆ ಅವಳು?"

"ಯಾರೋ ಐಡಹೋ ಕಡೆಯವಳಂತೆ. ಗಂಡನ ಕಾಲಿಗೆ ಆಪರೇಷನ್ನು. ಆಸ್ಪತ್ರೆ ಹೆಸರು ಕೇಳಿದ್ರೇ ಬಾಗಿಲು ಹಾಕ್ಕೊಂಡು ಕೂರ್ತಾನಂತೆ ಮುದುಕ."

"ಪಾಪ," ಎಂದು ಆರ್ಲೋ ಒಂದು ತುತ್ತು ಕಚ್ಚಿದ. "ಆಮೇಲೆ?"